ನಾರ್ಸ್ ಪುರಾಣದ ಫ್ಯಾಂಟಸಿ: ಹದಿಹರೆಯದ ಓದುಗರಿಗೆ ಯಾವುದು, ಯಾವ ಕ್ರಮದಲ್ಲಿ

ಥಾರ್, ಲೋಕಿಯರ ಸಿನಿಮಾ ನೋಡಿದ ಮೇಲೆ ‘ಇವರ ಕಥೆ ಇರುವ ಪುಸ್ತಕ ಬೇಕು’ ಎಂದು ಕೇಳುವ ಮಕ್ಕಳು ಈಗ ಬಹಳ. ಇವರು ನಾರ್ಸ್ ಪುರಾಣದ, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಪುರಾಣದ ದೇವರುಗಳು. ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳಿಗೆ ಬರವೇನೂ ಇಲ್ಲ. ಕಷ್ಟ ಇರುವುದು ಆಯ್ಕೆಯಲ್ಲಿ, ಏಕೆಂದರೆ ‘ನಾರ್ಸ್ ಫ್ಯಾಂಟಸಿ’ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ತಾಳಮೇಳವಿಲ್ಲದ ನಾಲ್ಕು ಬಗೆಯ ಪುಸ್ತಕಗಳು ಮಾರಾಟವಾಗುತ್ತವೆ. ಒಂದು ಬಗೆಯಲ್ಲಿ ದೇವರುಗಳು ಇಂದಿನ ಅಮೆರಿಕದ ಬೀದಿಗೇ ಬಂದುಬಿಡುತ್ತಾರೆ. ಇನ್ನೊಂದು ಬಗೆ ಓದುಗರನ್ನು ಎಂಟನೆಯ ಶತಮಾನದ ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರ, ಹಡಗು ಹತ್ತಿಸುತ್ತದೆ. ಮೂರನೆಯದು ದೇವರುಗಳ ಅಂತ್ಯವಾದ ಮೇಲಿನ ಲೋಕವನ್ನೋ ಪೂರ್ತಿ ಕಲ್ಪಿತ ಲೋಕವನ್ನೋ ಕಟ್ಟುತ್ತದೆ. ನಾಲ್ಕನೆಯದರಲ್ಲಿ ನಮಗೆ ಗೊತ್ತಿರುವ ದೇವರುಗಳೇ ಇಲ್ಲ. ಹಿಮ, ಕೊಡಲಿ, ಕುಲವೈರ, ಅಷ್ಟೇ. ಒಂದು ಬಗೆ ಹಿಡಿಸಿದವರಿಗೆ ಇನ್ನೊಂದು ಹಿಡಿಸುತ್ತದೆ ಎಂದು ಹೇಳಲಾಗದು.

ಬಗೆ ಯಾವುದೇ ಇರಲಿ, ಒಳ್ಳೆಯದನ್ನು ಗುರುತಿಸಲು ನಾವು ನೆಚ್ಚುವ ಅಳತೆ ಒಂದೇ: ಕಥೆಯಲ್ಲಿ ನಾಯಕ ಬೆಲೆ ತೆರುತ್ತಾನೆಯೇ? ನಾರ್ಸ್ ಕಥೆಗಳಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಜ್ಞಾನ ಕೊಡುವ ಮಿಮಿರನ ಬಾವಿಯ ಒಂದು ಗುಟುಕು ನೀರಿಗೆ ದೇವರುಗಳ ಒಡೆಯ ಓಡಿನ್ ತನ್ನ ಕಣ್ಣು ಕೊಟ್ಟ. ಫೆನ್ರಿರ್ ತೋಳವನ್ನು ಕಟ್ಟಿಹಾಕುವಾಗ ಟೀರ್ ತನ್ನ ಬಲಗೈಯನ್ನು ಅದರ ಬಾಯಲ್ಲಿಟ್ಟು ಕಳೆದುಕೊಂಡ. ಗೆರ್ಡ್ ಎಂಬ ದೈತ್ಯಕನ್ಯೆಯ ಮೇಲಿನ ಆಸೆಗೆ ಫ್ರೇ ತನ್ನ ಕತ್ತಿಯನ್ನೇ ಬಿಟ್ಟುಕೊಟ್ಟ. ಅಂತ್ಯಕಾಲದ ಯುದ್ಧವಾದ ರಾಗ್ನರಾಕ್‌ನಲ್ಲಿ ಬೆಂಕಿಯ ದೈತ್ಯ ಸುರ್ಟ್ ಎದುರಾದಾಗ ಆ ಕತ್ತಿ ಫ್ರೇ ಕೈಯಲ್ಲಿರುವುದಿಲ್ಲ. ಮಹಾಸರ್ಪವನ್ನು ಕೊಂದ ಥಾರ್ ಒಂಬತ್ತು ಹೆಜ್ಜೆ ನಡೆದು ಅದರ ವಿಷಕ್ಕೆ ಬೀಳುತ್ತಾನೆ. ಅವತಾರ ಮುಗಿಸಿ ವೈಕುಂಠಕ್ಕೆ ಮರಳುವ ದೇವರ ಕಥೆ ಕೇಳಿ ಬೆಳೆದ ಮಕ್ಕಳನ್ನು ಇದು ಗಟ್ಟಿಯಾಗಿ ಹಿಡಿಯುತ್ತದೆ: ಇಲ್ಲಿ ದೇವರುಗಳಿಗೆ ತಮ್ಮ ಸಾವು ಮೊದಲೇ ಗೊತ್ತು, ಗೊತ್ತಿದ್ದೂ ಯುದ್ಧಕ್ಕೆ ಹೊರಡುತ್ತಾರೆ. ಈ ಭಾರವನ್ನು ಬಿಟ್ಟು ಬರೀ ಸುತ್ತಿಗೆ, ಸಿಡಿಲು, ಗಡ್ಡವನ್ನು ಎತ್ತಿಕೊಂಡ ಪುಸ್ತಕ ಎಷ್ಟೇ ರಂಜಕವಾಗಿದ್ದರೂ ಎರಡನೆಯ ಸಂಪುಟದ ಹೊತ್ತಿಗೆ ಸಪ್ಪೆಯಾಗುತ್ತದೆ.

ದೇವರುಗಳು ಇಂದಿನ ಊರಿಗೆ ಬಂದಾಗ

10ರಿಂದ 14ರ ವಯಸ್ಸಿನವರಿಗೆ, ಈ ಪುರಾಣದ ಗಂಧವೇ ಇಲ್ಲದವರಿಗೆ, ಮೊದಲ ಆಯ್ಕೆ ರಿಕ್ ರಯರ್ಡನ್ ಅವರ ಮ್ಯಾಗ್ನಸ್ ಚೇಸ್ ಸರಣಿ. ಮೂರು ಸಂಪುಟ: ‘ದ ಸೋರ್ಡ್ ಆಫ್ ಸಮ್ಮರ್’ (2015), ‘ದ ಹ್ಯಾಮರ್ ಆಫ್ ಥಾರ್’ (2016), ‘ದ ಶಿಪ್ ಆಫ್ ದ ಡೆಡ್’ (2017). ಬಾಸ್ಟನ್ ನಗರದಲ್ಲಿ ಮನೆಯಿಲ್ಲದೆ ಬೀದಿಯಲ್ಲಿ ಬದುಕುವ ಹದಿನಾರರ ಹುಡುಗ ಕಥೆಯ ಆರಂಭದಲ್ಲೇ ಸೇತುವೆಯ ಮೇಲೆ ಸುರ್ಟ್‌ನೊಂದಿಗೆ ಹೋರಾಡಿ ಸಾಯುತ್ತಾನೆ, ಕಣ್ಣು ಬಿಟ್ಟಾಗ ಕಾದಾಡಿ ಸತ್ತ ವೀರರು ಸೇರುವ, ಇಲ್ಲಿ ಹೋಟೆಲಿನಂತಿರುವ ವಾಲ್ಹಲ್ಲಾದಲ್ಲಿರುತ್ತಾನೆ. ಅವನ ತಂದೆ ಫ್ರೇ. ಅವನ ಪಾಲಿಗೆ ಬರುವುದು ಫ್ರೇ ಕಳೆದುಕೊಂಡ ಅದೇ ಕತ್ತಿ. ಮೇಲೆ ಹೇಳಿದ ಬೆಲೆಯ ಕಥೆಯನ್ನೇ ಸರಣಿಯ ಬುನಾದಿಯಾಗಿ ಇಟ್ಟುಕೊಂಡಿರುವುದರಿಂದ, ಪುಟ ಪುಟಕ್ಕೂ ನಗೆಚಾಟಿಕೆ ಇದ್ದರೂ ಕೆಳಗಿನ ನೆಲ ಗಟ್ಟಿಯಾಗಿದೆ.

ಈ ಸರಣಿಯನ್ನು ಹೊಟ್ಟೆ ತುಂಬ ಸವಿಯಬೇಕಾದರೆ ಪ್ರತಿ ಸಂಪುಟಕ್ಕೂ ಮೊದಲು ಒಂದು ಮೂಲಕಥೆ ಓದಿಕೊಳ್ಳಬೇಕು. ಮೊದಲನೆಯದಕ್ಕೆ ಫೆನ್ರಿರ್ ತೋಳವನ್ನು ಗ್ಲೈಪ್ನಿರ್ ಎಂಬ ಹಗ್ಗದಿಂದ ಕಟ್ಟಿದ ಕಥೆ: ಬೆಕ್ಕಿನ ಹೆಜ್ಜೆಯ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಸೇರಿಸಿ ಕುಬ್ಜರು ಹೊಸೆದ ಹಗ್ಗ ಅದು. ಎರಡನೆಯದಕ್ಕೆ ‘ಥ್ರಿಮ್ಸ್‌ಕ್ವಿದ’: ಸುತ್ತಿಗೆ ಕದ್ದ ದೈತ್ಯನ ಮನೆಗೆ ಥಾರ್ ಮದುಮಗಳ ವೇಷದಲ್ಲಿ ಹೋಗುವ ಹಾಡು. ಮೂರನೆಯದಕ್ಕೆ ‘ಲೋಕಸೆನ್ನ’: ಔತಣಕೂಟದಲ್ಲಿ ಲೋಕಿ ಒಬ್ಬೊಬ್ಬ ದೇವರನ್ನೂ ಹೀಯಾಳಿಸುವ ಹಾಡು. ಮೂರನೆಯ ಸಂಪುಟದ ಕೊನೆಯ ಪಂದ್ಯ ಬಾಯಿಮಾತಿನದು ಏಕೆ ಎಂಬುದು ಈ ಹಾಡು ಓದಿದವರಿಗೆ ಮಾತ್ರ ಪೂರ್ತಿ ರುಚಿಸುತ್ತದೆ. ಮೂರೂ ಕಥೆಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಎಡವುವುದು ಎಲ್ಲಿ? ಕನ್ನಡ ಮಾಧ್ಯಮದ ಹುಡುಗರಿಗೆ ಇಲ್ಲಿನ ಇಂಗ್ಲಿಷ್ ಕಷ್ಟವಲ್ಲ, ವಾಕ್ಯಗಳು ಚಿಕ್ಕವು. ಕಷ್ಟವಾಗುವುದು ಅಮೆರಿಕದ ಟೀವಿ, ಅಂಗಡಿ, ಆಟದ ತಂಡಗಳ ಹೆಸರು ಹಿಡಿದು ಮಾಡುವ ತಮಾಷೆ. ಅದನ್ನೆಲ್ಲ ಅರ್ಥಮಾಡಿಕೊಂಡೇ ಮುಂದೆ ಹೋಗುತ್ತೇನೆ ಎಂದು ಕೂತವರು ಐವತ್ತು ಪುಟಕ್ಕೇ ಸೋಲುತ್ತಾರೆ. ದಾಟಿಕೊಂಡು ಹೋಗಬಹುದು, ಕಥೆಗೆ ನಷ್ಟವಿಲ್ಲ. ನಾರ್ಸ್ ಹೆಸರುಗಳಿಗೆ ಪುಸ್ತಕದ ಕೊನೆಯಲ್ಲಿ ಪದಕೋಶವಿದೆ. ಆ ಹೆಸರುಗಳಲ್ಲಿ ಜೆ ಅಕ್ಷರ ಕಂಡಲ್ಲಿ ‘ಯ’ ಎಂದು ಓದಿದರೆ ಸಾಕು: ಯೋತುನ್‌ಹೈಮ್, ನ್ಯೋರ್ಡ್. ಇನ್ನೊಂದು ಎಚ್ಚರಿಕೆ: ಬ್ರಿಟನ್ನಿನ ಪಫಿನ್ ಆವೃತ್ತಿಯಲ್ಲಿ ಶೀರ್ಷಿಕೆ ‘ಮ್ಯಾಗ್ನಸ್ ಚೇಸ್ ಅಂಡ್ ದ ಸೋರ್ಡ್ ಆಫ್ ಸಮ್ಮರ್’ ಎಂದಿರುತ್ತದೆ, ಅಮೆರಿಕದ ಆವೃತ್ತಿಯಲ್ಲಿ ‘ಮ್ಯಾಗ್ನಸ್ ಚೇಸ್ ಅಂಡ್ ದ ಗಾಡ್ಸ್ ಆಫ್ ಆಸ್‌ಗಾರ್ಡ್’ ಎಂಬ ಸರಣಿಯ ಹೆಸರು ದೊಡ್ಡದಾಗಿರುತ್ತದೆ. ಎರಡೂ ಬೇರೆ ಪುಸ್ತಕಗಳೆಂದು ತಿಳಿದು ಒಂದನ್ನೇ ಎರಡು ಸಲ ಕೊಳ್ಳಬೇಡಿ. ‘ಹೋಟೆಲ್ ವಾಲ್ಹಲ್ಲಾ’ ಎಂಬ ಪುಟ್ಟ ಪುಸ್ತಕ ಕೈಪಿಡಿ ಮಾತ್ರ, ಕಾದಂಬರಿಯಲ್ಲ.

ಸರಣಿಯ ಪಾತ್ರವರ್ಗ ಮೆಚ್ಚಿಕೆಯಾಗುವಂಥದ್ದು. ಸತ್ತ ವೀರರನ್ನು ವಾಲ್ಹಲ್ಲಾಕ್ಕೆ ಒಯ್ಯುವ ವ್ಯಾಲ್ಕಿರಿ ಸಮೀರಾ ಹಿಜಾಬ್ ತೊಡುವ ಮುಸ್ಲಿಂ ಹುಡುಗಿ; ಹಾರ್ತ್‌ಸ್ಟೋನ್ ಕಿವಿ ಕೇಳದ ಎಲ್ಫ್, ಮಾತೆಲ್ಲ ಸನ್ನೆಭಾಷೆಯಲ್ಲಿ; ಎರಡನೆಯ ಸಂಪುಟದಿಂದ ಬರುವ ಅಲೆಕ್ಸ್ ಒಮ್ಮೆ ಹುಡುಗ, ಒಮ್ಮೆ ಹುಡುಗಿ. ರೂಪ ಬದಲಿಸುತ್ತಲೇ ಇರುವ, ಹೆಣ್ಣುಕುದುರೆಯಾಗಿ ಓಡಿನ್‌ನ ಎಂಟು ಕಾಲಿನ ಕುದುರೆ ಸ್ಲೈಪ್ನಿರ್‌ಗೆ ಜನ್ಮ ಕೊಟ್ಟ ಲೋಕಿಯ ಮಗುವಿಗೆ ಇದು ಪುರಾಣಕ್ಕೆ ಒಪ್ಪುವ ಗುಣವೇ.

ಇದೇ ಬಗೆಯಲ್ಲಿ, ನಗೆ ಕಡಿಮೆ ಬೇಕು ಎನ್ನುವವರಿಗೆ ಕೆ.ಎಲ್. ಆರ್ಮ್‌ಸ್ಟ್ರಾಂಗ್ ಮತ್ತು ಎಂ.ಎ. ಮಾರ್ ಜೊತೆಗೂಡಿ ಬರೆದ ‘ಲೋಕೀಸ್ ವುಲ್ವ್ಸ್’ (2013) ಇದೆ. ಸೌತ್ ಡಕೋಟಾದ ಪುಟ್ಟ ಊರಿನಲ್ಲಿ ಥಾರ್‌ನ ವಂಶದ ಹದಿಮೂರರ ಹುಡುಗ ಮಹಾಸರ್ಪದ ಎದುರು ನಿಲ್ಲಬೇಕು. ಆ ಕಾಳಗ ಮೂಲದಲ್ಲಿ ಹೇಗೆ ಮುಗಿಯಿತು ಎಂಬುದು ಅವನಿಗೆ ಗೊತ್ತು. ಭಯ ಅಲ್ಲಿಂದಲೇ ಹುಟ್ಟುತ್ತದೆ. ಮೂರು ಸಂಪುಟ, ಮೂರೂ ಬಂದಿವೆ. ಬರವಣಿಗೆ ಸರಳ, ಸ್ವಲ್ಪ ಒಣ.

ವೈಕಿಂಗ್ ಕಾಲದ ಒಳಗೆ

ನ್ಯಾನ್ಸಿ ಫಾರ್ಮರ್ ಅವರ ‘ದ ಸೀ ಆಫ್ ಟ್ರೋಲ್ಸ್’ (2004) ನಡೆಯುವುದು ಕ್ರಿ.ಶ. 793ರಲ್ಲಿ, ಲಿಂಡಿಸ್‌ಫಾರ್ನ್ ಮಠದ ಮೇಲೆ ವೈಕಿಂಗರು ದಾಳಿ ಮಾಡಿದ ವರ್ಷ. ಇಂಗ್ಲೆಂಡಿನ ಹಳ್ಳಿಯ ಹುಡುಗ ಜ್ಯಾಕ್, ಅವನ ಪುಟ್ಟ ತಂಗಿ ಲೂಸಿ ದಾಳಿಕೋರರ ಕೈಗೆ ಸಿಕ್ಕಿ ಗುಲಾಮರಾಗುತ್ತಾರೆ. ತಂಗಿಯನ್ನು ಉಳಿಸಿಕೊಳ್ಳಲು ಜ್ಯಾಕ್ ದೈತ್ಯರ ಲೋಕವಾದ ಯೋತುನ್‌ಹೈಮ್‌ಗೆ, ಮಿಮಿರನ ಬಾವಿಗೆ ಹೋಗಬೇಕು. ಈ ಪಟ್ಟಿಯಲ್ಲಿ ನಾವು ಬಹಳ ಗೌರವಿಸುವ ಪುಸ್ತಕ ಇದು. ದಾಳಿಕೋರರು ಇಲ್ಲಿ ಬರೀ ರಾಕ್ಷಸರೂ ಅಲ್ಲ, ವೀರರೂ ಅಲ್ಲ. ಹಳ್ಳಿ ಸುಟ್ಟು ಬಂದವರೇ ರಾತ್ರಿ ಹಾಡಿಗೆ ಕಿವಿಗೊಡುತ್ತಾರೆ, ತಮ್ಮವರು ಸತ್ತರೆ ಅಳುತ್ತಾರೆ. ಬೇಗ ಸತ್ತು ವಾಲ್ಹಲ್ಲಾ ಸೇರಬೇಕೆಂದು ಹಂಬಲಿಸುವ ಥೋರ್ಗಿಲ್ ಎಂಬ ಸಿಡುಕಿನ ಹುಡುಗಿ ಮರೆಯಲಾಗದ ಪಾತ್ರ. ಇಂಥ ಹಂಬಲ ಮಗುವಿನಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಲೇಖಕಿ ತೀರ್ಪು ಕೊಡದೆ ತೋರಿಸುತ್ತಾರೆ.

12 ದಾಟಿದವರಿಗೆ ಕೊಡಬಹುದು. ಹಳ್ಳಿಯೊಂದರ ಕೊಲೆ, ಗುಲಾಮರ ಮಾರಾಟ ಇದೆ, ವಿವರ ರಕ್ತಸಿಕ್ತವಾಗಿಲ್ಲ. ಮುಂದಿನ ಎರಡು ಸಂಪುಟಗಳ ಬಗ್ಗೆ ಮೊದಲೇ ತಿಳಿದಿರಲಿ: ಎರಡನೆಯದಾದ ‘ದ ಲ್ಯಾಂಡ್ ಆಫ್ ದ ಸಿಲ್ವರ್ ಆಪಲ್ಸ್’ (2007) ಎಲ್ಫ್‌ಗಳು, ಸ್ಕಾಟ್ಲೆಂಡಿನ ಪ್ರಾಚೀನ ಪಿಕ್ಟ್ ಜನ, ಬ್ರಿಟನ್ನಿನ ಹಳೆಯ ನಂಬಿಕೆಗಳ ಕಡೆಗೆ ಹೊರಳುತ್ತದೆ. ನಾರ್ಸ್ ಲೋಕವೇ ಬೇಕಿದ್ದವರು ಮೊದಲನೆಯದಕ್ಕೆ ನಿಲ್ಲಿಸಬಹುದು, ಕಥೆ ಅಲ್ಲಿಗೆ ಒಂದು ಹಂತಕ್ಕೆ ಮುಗಿಯುತ್ತದೆ.

ರಾಗ್ನರಾಕ್ ಆದ ಮೇಲೆ, ಮತ್ತು ಬೇರೆಯದೇ ಲೋಕದಲ್ಲಿ

ಹೆಚ್ಚು ಗೊಂದಲವಾಗುವುದು ಇಲ್ಲಿ. ಜೋಆನ್ ಹ್ಯಾರಿಸ್ ಅವರ ‘ರೂನ್‌ಮಾರ್ಕ್ಸ್’ (2007) ಒಂದು ಕಡೆ, ನಾರ್ವೆಯ ಸಿರಿ ಪೆಟರ್ಸನ್ ಅವರ ‘ಓಡಿನ್ಸ್ ಚೈಲ್ಡ್’ ಇನ್ನೊಂದು ಕಡೆ. ಎರಡರಲ್ಲೂ ಹಳ್ಳಿಯವರು ಅನುಮಾನದಿಂದ ನೋಡುವ ಹುಡುಗಿ, ಎರಡೂ ದಪ್ಪ ಪುಸ್ತಕ, ಎರಡರಲ್ಲೂ ಅಧಿಕಾರ ಹಿಡಿದ ಧರ್ಮಪೀಠ ಇದೆ. ಆದರೂ ಒಂದನ್ನು ಕೇಳಿದವರಿಗೆ ಇನ್ನೊಂದು ಕೊಟ್ಟರೆ ಸರಿಹೋಗುವುದಿಲ್ಲ.

‘ರೂನ್‌ಮಾರ್ಕ್ಸ್’ ರಾಗ್ನರಾಕ್ ಕಳೆದು ಐನೂರು ವರ್ಷದ ನಂತರದ ಕಥೆ. ಹಳೆಯ ದೇವರುಗಳ ಹೆಸರೆತ್ತುವುದೇ ಅಪರಾಧವಾಗಿರುವ ಊರಿನಲ್ಲಿ ಮ್ಯಾಡಿ ಎಂಬ ಹದಿನಾಲ್ಕರ ಹುಡುಗಿಯ ಅಂಗೈಯಲ್ಲಿ ರೂನ್ ಅಕ್ಷರದ ಗುರುತಿದೆ. ಒಕ್ಕಣ್ಣಿನ ಅಲೆಮಾರಿಯೊಬ್ಬ ಅವಳಿಗೆ ವಿದ್ಯೆ ಕಲಿಸುತ್ತಾನೆ. ಇಲ್ಲಿನ ಮಾಯಾವಿದ್ಯೆ ನಿಂತಿರುವುದು ಹದಿನಾರು ರೂನ್‌ಗಳ ಮೇಲೆ. ವೈಕಿಂಗ್ ಕಾಲದಲ್ಲಿ ನಿಜವಾಗಿ ಬಳಕೆಯಲ್ಲಿದ್ದ ಲಿಪಿಯಲ್ಲೂ ಹದಿನಾರೇ ಅಕ್ಷರ. ಪ್ರತಿ ಅಕ್ಷರಕ್ಕೂ ಒಂದು ಕೆಲಸ, ಪ್ರತಿ ಕೆಲಸಕ್ಕೂ ಶಕ್ತಿ ಖರ್ಚು. ಪುರಾಣ ಗೊತ್ತಿರುವ ಓದುಗರಿಗೆ ಇದು ಹಬ್ಬ, ಏಕೆಂದರೆ ವೇಷ ಮರೆಸಿಕೊಂಡ ಒಬ್ಬೊಬ್ಬರನ್ನೂ ಗುರುತು ಹಿಡಿಯುವ ಸುಖವಿದೆ. ಗೊತ್ತಿಲ್ಲದವರಿಗೆ ಅರ್ಧ ದಾರಿಯಲ್ಲಿ ಹೆಸರುಗಳ ಜಾತ್ರೆಯಾಗುತ್ತದೆ. ಹಾಗಾಗಿ ಇದನ್ನು ಮೊದಲ ನಾರ್ಸ್ ಪುಸ್ತಕವಾಗಿ ಕೊಡಬೇಡಿ.

ಹ್ಯಾರಿಸ್ ಅವರ ಕ್ರಮವೂ ತಲೆ ತಿನ್ನುತ್ತದೆ. ‘ರೂನ್‌ಮಾರ್ಕ್ಸ್’ ನಂತರ ‘ರೂನ್‌ಲೈಟ್’ (2011). ಆಮೇಲೆ ಬಂದ ‘ದ ಗಾಸ್ಪೆಲ್ ಆಫ್ ಲೋಕಿ’ (2014) ಲೋಕಿಯೇ ಹೇಳುವ ಹಿಂದಿನ ಕಥೆ, ರಾಗ್ನರಾಕ್‌ವರೆಗಿನದು. ಕಾಲಾನುಕ್ರಮದಲ್ಲಿ ಅದು ಮೊದಲು, ಧ್ವನಿಯಲ್ಲಿ ದೊಡ್ಡವರದು. ಹದಿನಾರು ದಾಟಿದವರು ಅದರಿಂದಲೇ ಶುರುಮಾಡಬಹುದು, ಚಿಕ್ಕವರು ‘ರೂನ್‌ಮಾರ್ಕ್ಸ್’ನಿಂದ. ಕೆಲವು ಮುದ್ರಣಗಳಲ್ಲಿ ಲೇಖಕಿಯ ಹೆಸರು ನಡುವೆ ‘ಎಂ’ ಸೇರಿ ‘ಜೋಆನ್ ಎಂ. ಹ್ಯಾರಿಸ್’ ಎಂದಿರುತ್ತದೆ, ಒಬ್ಬರೇ.

‘ಓಡಿನ್ಸ್ ಚೈಲ್ಡ್’ನಲ್ಲಿ ಓಡಿನ್‌ಗಾಗಿ ಹುಡುಕಬೇಡಿ. ನಾರ್ವೇಜಿಯನ್ ಭಾಷೆಯಲ್ಲಿ 2013ರಲ್ಲಿ, ಇಂಗ್ಲಿಷಿನಲ್ಲಿ 2021ರಲ್ಲಿ ಬಂದ ಈ ಕಾದಂಬರಿಯ ಲೋಕದಲ್ಲಿ ಎಲ್ಲರಿಗೂ ಬಾಲವಿದೆ. ಹಿರ್ಕಾ ಎಂಬ ಹದಿನೈದರ ಹುಡುಗಿಗೆ ಇಲ್ಲ. ತೋಳ ಕಚ್ಚಿಕೊಂಡು ಹೋಯಿತು ಎಂದು ಅಪ್ಪ ಹೇಳಿದ್ದು ಸುಳ್ಳು. ಅವಳು ಬೇರೆ ಲೋಕದವಳು, ಅಂದರೆ ನಮ್ಮ ಹಾಗೆ ಮನುಷ್ಯಳು. ಆ ಲೋಕದಲ್ಲಿ ಮನುಷ್ಯರೆಂದರೆ ಕೊಳೆರೋಗ ಹರಡುವ ಭೂತಗಳು. ಹೆಸರು, ಕಾಗೆಗಳು, ಕಲ್ಲಿನ ವೃತ್ತಗಳು, ಸ್ಕ್ಯಾಂಡಿನೇವಿಯಾದ ಚಳಿ ಎಲ್ಲವೂ ನಾರ್ಸ್. ಕಥಾವಸ್ತು ಪೂರ್ತಿ ಹೊಸದು. ಮೊದಲ ನೂರು ಪುಟ ನಿಧಾನ. ಹೊಸ ಪದಗಳಿಗೆ ವಿವರಣೆ ಕೊಡದೆ ಬಳಸುತ್ತ ಹೋಗುವುದೇ ಕಾರಣ. ಅದನ್ನು ದಾಟಿದವರು ಮೂರೂ ಸಂಪುಟ ಓದದೆ ಬಿಡುವುದಿಲ್ಲ. ಎರಡನೆಯ ಸಂಪುಟ ‘ದ ರಾಟ್’ನ ಬಹುಭಾಗ ನಮ್ಮ ಇಂದಿನ ಪ್ರಪಂಚದಲ್ಲಿ ನಡೆಯುತ್ತದೆ, ಮೊದಲನೆಯದರ ಕಾಡು, ಹಿಮವೇ ಮುಂದುವರಿಯುತ್ತದೆ ಎಂದುಕೊಂಡವರಿಗೆ ಇದು ಅನಿರೀಕ್ಷಿತ. ದೇವರ ಹೆಸರಿನಲ್ಲಿ ಆಳುವವರ ರಾಜಕೀಯದಲ್ಲಿ ಆಸಕ್ತಿಯುಳ್ಳ 15ರ ಮೇಲಿನವರಿಗೆ ಇದೇ ನಮ್ಮ ಆಯ್ಕೆ.

ಹೆಲ್ ಮಾತಾಡಿದರೆ

ಲೋಕಿಯ ಮಗಳು, ಸತ್ತವರ ಲೋಕದ ಒಡತಿ ಹೆಲ್‌ಗೆ ಹಳೆಯ ಗ್ರಂಥಗಳಲ್ಲಿ ಮಾತು ಕಡಿಮೆ. ಕೊಲೆಯಾದ ಓಡಿನ್‌ನ ಮಗ ಬಾಲ್ಡರ್ ಮರಳಬೇಕಾದರೆ ಜಗತ್ತಿನ ಎಲ್ಲವೂ ಅವನಿಗಾಗಿ ಅಳಬೇಕು ಎಂದು ಷರತ್ತು ಹಾಕುತ್ತಾಳೆ, ಅಷ್ಟರಲ್ಲೇ ಅವಳ ಪಾತ್ರ ಮುಗಿಯುತ್ತದೆ. ಫ್ರಾನ್ಸೆಸ್ಕಾ ಸೈಮನ್ ‘ದ ಮಾನ್‌ಸ್ಟ್ರಸ್ ಚೈಲ್ಡ್’ನಲ್ಲಿ (2016) ಆ ಖಾಲಿ ಜಾಗಕ್ಕೆ ಒಂದು ಇಡೀ ಹದಿಹರೆಯ ತುಂಬಿದ್ದಾರೆ. ಸೊಂಟದ ಕೆಳಗೆ ಹೆಣವಾಗಿ ಹುಟ್ಟಿದ, ಯಾರೂ ಬಯಸದ ಹುಡುಗಿ ತನ್ನ ಕಥೆ ತಾನೇ ಹೇಳುತ್ತಾಳೆ: ಕೋಪ, ಕೊಂಕು, ಬಾಲ್ಡರ್ ಮೇಲಿನ ಪ್ರೀತಿ. ಪುಸ್ತಕ ಚಿಕ್ಕದು, ಎರಡು ದಿನದ ಓದು. 2019ರಲ್ಲಿ ಲಂಡನ್ನಿನ ರಾಯಲ್ ಆಪೆರಾ ಹೌಸ್‌ನಲ್ಲಿ ಆಪೆರಾ ಆಗಿಯೂ ಬಂತು. ದಪ್ಪ ಸರಣಿಗೆ ಹೆದರುವ, ಆದರೆ ಭಾವನೆ ಗಾಢವಾಗಿರಬೇಕು ಎನ್ನುವ 14ರ ಮೇಲಿನವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಸೈಮನ್ ಅವರ ‘ದ ಸ್ಲೀಪಿಂಗ್ ಆರ್ಮಿ’ (2011) ಇದೇ ಗುಂಪಿನದಾದರೂ ಇನ್ನೂ ಚಿಕ್ಕ ಮಕ್ಕಳಿಗೆ. ‘ದ ಮಾನ್‌ಸ್ಟ್ರಸ್ ಚೈಲ್ಡ್’ ಓದಲು ಅದನ್ನು ಓದಿರಬೇಕಿಲ್ಲ.

ದೇವರಿಲ್ಲದ ಹಿಮ

ಏಡ್ರಿಯನ್ ಯಂಗ್ ಅವರ ‘ಸ್ಕೈ ಇನ್ ದ ಡೀಪ್’ನಲ್ಲಿ (2018) ಹದಿನೇಳರ ಯೋಧೆ ಏಲಿನ್, ಸತ್ತನೆಂದು ನಂಬಿದ್ದ ಅಣ್ಣ ಶತ್ರುಕುಲದ ಪರವಾಗಿ ಕಾದಾಡುವುದನ್ನು ರಣರಂಗದಲ್ಲಿ ಕಾಣುತ್ತಾಳೆ. ದೇವರುಗಳ ಹೆಸರು ಕಲ್ಪಿತ, ಮಾಯಾವಿದ್ಯೆ ಇಲ್ಲವೆನ್ನುವಷ್ಟು ಕಡಿಮೆ. ಯುದ್ಧ, ಸೆರೆ, ಪ್ರೇಮ ಇದೆ. ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಜೋ ಅಬರ್‌ಕ್ರಾಂಬಿ ಅವರ ‘ಹಾಫ್ ಎ ಕಿಂಗ್’ (2014) ಇದಕ್ಕಿಂತ ಕಠೋರ: ಒಂದು ಕೈ ಸರಿಯಿಲ್ಲದ ರಾಜಕುಮಾರ ದ್ರೋಹಕ್ಕೆ ಸಿಕ್ಕಿ ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನಾಗುತ್ತಾನೆ. ಬೆಲೆ ತೆರುವ ಅಳತೆಯಲ್ಲಿ ಈ ಇಡೀ ಪಟ್ಟಿಗೇ ಇದು ಮೇಲು. ಥಾರ್ ಬೇಕು ಎಂದು ಹಟ ಹಿಡಿದವರಿಗೆ ಮಾತ್ರ ಇವೆರಡೂ ಬೇಡ.

ಹೊದಿಕೆ ನೋಡಿ ಕೊಳ್ಳಬಾರದವು

ಡ್ಯಾನಿಯಲ್ ಎಲ್. ಜೆನ್ಸನ್ ಅವರ ‘ಎ ಫೇಟ್ ಇಂಕ್ಡ್ ಇನ್ ಬ್ಲಡ್’ (2024) ವೈಕಿಂಗ್ ಹುಡುಗಿಯ ಕಥೆಯೆಂದು ಹೈಸ್ಕೂಲು ಮಕ್ಕಳ ಕೈ ಸೇರುವುದುಂಟು. ಅದು ವಯಸ್ಕರ ಪ್ರಣಯಕಾದಂಬರಿ, ಲೈಂಗಿಕ ದೃಶ್ಯಗಳಿವೆ. ಜಾನ್ ಗ್ವಿನ್ ಅವರ ‘ದ ಶ್ಯಾಡೋ ಆಫ್ ದ ಗಾಡ್ಸ್’ (2021) ಕೂಡ ವಯಸ್ಕರದ್ದೇ, ಕಾರಣ ಹಿಂಸೆ. ಮೆಲ್ವಿನ್ ಬರ್ಜೆಸ್ ಅವರ ‘ಬ್ಲಡ್‌ಟೈಡ್’ (1999) ಹದಿಹರೆಯದವರಿಗೆಂದೇ ಬಂದದ್ದು. ವೋಲ್ಸುಂಗ ಎಂಬ ವೀರವಂಶದ ಹಳೆಯ ಐಸ್‌ಲ್ಯಾಂಡ್ ಕಥೆಯಾದ ವೋಲ್ಸುಂಗರ ಸಾಗಾವನ್ನು ಹಾಳುಬಿದ್ದ ಭವಿಷ್ಯದ ಲಂಡನ್ನಿಗೆ ತಂದಿದೆ. ಬಹಳ ಶಕ್ತವಾದ ಪುಸ್ತಕ, ಆದರೆ ಕ್ರೌರ್ಯ ವಿಪರೀತ. ಪಿಯುಸಿಗಿಂತ ಮುಂಚೆ ಬೇಡ, ದೊಡ್ಡವರು ಮೊದಲು ಓದಿ ಕೊಡುವುದು ಮೇಲು.

ಹೊದಿಕೆಯ ಮೇಲೆ ಕೊಂಬಿನ ಶಿರಸ್ತ್ರಾಣ ಕಂಡರೆ ಅದು ಚಿತ್ರಕಾರರ ಕೆಲಸ, ಪುಸ್ತಕವನ್ನು ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ. ಕೊಂಬಿನ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು 1876ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್‌ನ ಆಪೆರಾಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಮಾಡಿದ ವೇಷಭೂಷಣ. ಒಳಗಿನ ಪಠ್ಯ ಎಷ್ಟು ಗಂಭೀರ ಎಂದು ತಿಳಿಯಲು ಲೋಕಿ ಬರುವ ಪುಟ ತೆರೆಯಿರಿ. ಲೋಕಿಯನ್ನು ಥಾರ್‌ನ ತಮ್ಮ, ಓಡಿನ್‌ನ ಸಾಕುಮಗ ಎಂದಿದ್ದರೆ ಲೇಖಕರು ಕಾಮಿಕ್ಸ್ ಹಿಡಿದು ಹೊರಟಿದ್ದಾರೆ. ಹಳೆಯ ಹಾಡುಗಳಲ್ಲಿ ಅವನು ಓಡಿನ್‌ನೊಂದಿಗೆ ರಕ್ತ ಬೆರೆಸಿ ಸೋದರನಾದವನು. ಅದು ಗೊತ್ತಿದ್ದರೆ ಮಾತ್ರ ಅವನ ದ್ರೋಹಕ್ಕೆ ತೂಕ ಬರುತ್ತದೆ.

ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಮೂಲ

ಮೂಲ ಎಂದರೆ ಮುಖ್ಯವಾಗಿ ಎರಡು. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದ ಗದ್ಯ ಎಡ್ಡ, ಮತ್ತು 1270ರ ಸುಮಾರಿನ ಕೋಡೆಕ್ಸ್ ರೀಜಿಯಸ್ ಹಸ್ತಪ್ರತಿಯಲ್ಲಿ ಉಳಿದುಬಂದ ಪದ್ಯ ಎಡ್ಡ. ಐಸ್‌ಲ್ಯಾಂಡ್ ಕ್ರೈಸ್ತಧರ್ಮಕ್ಕೆ ಬಂದು ಎರಡು ಶತಮಾನ ಕಳೆದ ಮೇಲೆ ಬರೆದಿಟ್ಟವು ಇವು. ಹಾಗಾಗಿ ಕಥೆಗಳಲ್ಲಿ ಬಿರುಕುಗಳಿವೆ. ಒಂಬತ್ತು ಲೋಕ ಎನ್ನುತ್ತಾರೆ, ಆದರೆ ಆ ಒಂಬತ್ತೂ ಯಾವುವು ಎಂದು ಒಂದೇ ಕಡೆ ಪಟ್ಟಿ ಮಾಡಿಲ್ಲ. ಕಾದಂಬರಿಯಲ್ಲಿ ಇಂಥದ್ದು ಬೇರೆಯಾಗಿ ಕಂಡರೆ ತಪ್ಪೆನ್ನಬೇಡಿ.

ಮಕ್ಕಳಿಗೆ ನೇರ ಎಡ್ಡ ಕೊಡುವ ಮೊದಲು ಕೆವಿನ್ ಕ್ರಾಸ್ಲಿ-ಹಾಲೆಂಡ್ ಅವರ ‘ದ ನಾರ್ಸ್ ಮಿಥ್ಸ್’ (1980) ಕೊಡಿ: 32 ಕಥೆ, ಒಂದೊಂದೂ ಒಂದು ಕೂರಿಕೆಗೆ. ಖರ್ಚಿಲ್ಲದೆ ಬೇಕಿದ್ದರೆ 1920ರ ಪ್ಯಾಡ್ರಿಕ್ ಕೊಲಮ್ ಅವರ ‘ದ ಚಿಲ್ಡ್ರನ್ ಆಫ್ ಓಡಿನ್’ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷ್ ಸ್ವಲ್ಪ ಹಳತು. ಪದ್ಯ ಎಡ್ಡಕ್ಕೆ ಜ್ಯಾಕ್ಸನ್ ಕ್ರಾಫರ್ಡ್ ಅವರ 2015ರ ಅನುವಾದ ಸಲೀಸು. ಟಿಪ್ಪಣಿ ಸಹಿತ ಬೇಕಿದ್ದವರಿಗೆ ಕ್ಯಾರೊಲಿನ್ ಲ್ಯಾರಿಂಗ್ಟನ್ ಅವರದು, 2014ರ ಪರಿಷ್ಕೃತ ಆವೃತ್ತಿಯನ್ನೇ ನೋಡಿ ಕೊಳ್ಳಿ. ಗದ್ಯ ಎಡ್ಡದ ಆಂಟನಿ ಫಾಕ್ಸ್ ಅನುವಾದವನ್ನು ವೈಕಿಂಗ್ ಸೊಸೈಟಿ ಫಾರ್ ನಾರ್ದರ್ನ್ ರಿಸರ್ಚ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ.

ಶಾಲೆಯ ಗ್ರಂಥಾಲಯಕ್ಕೆ ಐದೇ ಪುಸ್ತಕಕ್ಕೆ ಹಣವಿದ್ದರೆ ಕ್ರಾಸ್ಲಿ-ಹಾಲೆಂಡ್, ಮ್ಯಾಗ್ನಸ್ ಚೇಸ್‌ನ ಮೊದಲ ಸಂಪುಟ, ‘ದ ಸೀ ಆಫ್ ಟ್ರೋಲ್ಸ್’, ‘ದ ಮಾನ್‌ಸ್ಟ್ರಸ್ ಚೈಲ್ಡ್’, ‘ಓಡಿನ್ಸ್ ಚೈಲ್ಡ್’ ತರಿಸಿ. ಸರಣಿಯ ಮುಂದಿನ ಸಂಪುಟಗಳನ್ನು ಮೊದಲನೆಯದು ಕಡೇಪಕ್ಷ ಮೂವರು ಓದಿ ಮುಗಿಸಿದ ಮೇಲೆ ತರಿಸಿದರೆ ಸಾಕು.